ವಾರೆಗಣ್ಣಿನ ಮನೆತನ

ನನ್ನ ತಾಯಿಯ ತವರಿನವರದು ವಾರೆಗಣ್ಣು. ಎದುರು ನಿಂತು ನೋಡಿದರೆ ಕಾಣುವಂಥದ್ದಲ್ಲ, ಕನ್ನಡಿ ಹಿಡಿದು ಹುಡುಕಿದರೂ ಸಿಕ್ಕುವುದಿಲ್ಲ. ಭಾನುವಾರ ಬೆಳಿಗ್ಗೆ ಏರ್ ಗನ್ ಕೈಗೆ ಬಂದಾಗ ಮಾತ್ರ ಅದು ಗೊತ್ತಾಗುತ್ತಿತ್ತು. ಗುರಿಯ ನಟ್ಟನಡುವೆ ನೋಡಿ ಹೊಡೆದರೆ ಗುಂಡು ಬಲಕ್ಕೆ ಹೋಗುತ್ತಿತ್ತು. ಒಬ್ಬರದಲ್ಲ, ಎಲ್ಲರದೂ. ಅಜ್ಜಿಯದು, ನನ್ನ ತಾಯಿಯದು, ಸೋದರಮಾವನದು, ಅವನ ಮಗಳದು, ನನ್ನದು. ಬೇರೆ ಮನೆತನಗಳಲ್ಲಿ ಸಕ್ಕರೆ ಕಾಯಿಲೆ ಬರುತ್ತದೆ, ಬೋಳುತಲೆ ಬರುತ್ತದೆ. ನಮಗೆ ಇದು ಬಂದಿತ್ತು. ಇದರ ಬಗ್ಗೆ ನಮಗೆ ಒಳಗೊಳಗೇ ಹೆಮ್ಮೆಯೂ ಇತ್ತು, ಏಕೆಂದರೆ ತಲೆಮಾರಿನಿಂದ ಬಂದದ್ದು ಅಂತ ಹೇಳಿಕೊಳ್ಳಲು ಬೇರೇನೂ ಇರಲಿಲ್ಲ.

ನಾನು ಹೇಳಹೊರಟಿರುವುದು ಆ ಸೋದರಮಾವನ ವಿಷಯ. ಊರಿಗೆಲ್ಲ ಅವನು ತಕ್ಕಡಿ ಮಾವ. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಅವನ ರಿಪೇರಿ ಅಂಗಡಿ. ಗಿರಾಕಿ ಒಳಗೆ ಬರಬೇಕಾದರೆ ಮಾವ ಎದ್ದು ಹೊರಗೆ ನಿಲ್ಲಬೇಕು, ಅಷ್ಟು ಜಾಗ. ಚಾವಣಿಯ ಕೊಕ್ಕೆಗಳಿಂದ ತಕ್ಕಡಿಗಳು ನೇತಾಡುತ್ತಿದ್ದವು. ಎತ್ತರದವರು ಹಣೆ ಚಚ್ಚಿಕೊಂಡು ಬೈಯುತ್ತಿದ್ದರು, ಕುಳ್ಳಗಿನವರು ನಗುತ್ತಿದ್ದರು. ಮರದ ಪೆಟ್ಟಿಗೆಯೊಂದರಲ್ಲಿ ಮಖಮಲ್ಲಿನ ಮೇಲೆ ಹಿತ್ತಾಳೆಯ ತೂಕದ ಬಟ್ಟುಗಳು ಮಲಗಿರುತ್ತಿದ್ದವು. ಅವನ್ನು ಮಾವ ಚಿಮಟದಿಂದಲೇ ಎತ್ತುತ್ತಿದ್ದ, ಬೆರಳು ಸೋಕಿದರೆ ಬೆವರಿನ ತೂಕ ಸೇರುತ್ತದಂತೆ. ಬೆವರಿಗೂ ಲೆಕ್ಕ ಇಡುವ ಮನುಷ್ಯ.

ತರಕಾರಿಯವಳು ತಕ್ಕಡಿ ತಂದು, "ಇದು ನಂಗೆ ಮೋಸ ಮಾಡ್ತಿದೆ ಅಣ್ಣಾ" ಅಂದರೆ ಮಾವ ತಕ್ಕಡಿಯನ್ನು ನಂಬುತ್ತಿರಲಿಲ್ಲ, ತರಕಾರಿಯವಳನ್ನೂ ನಂಬುತ್ತಿರಲಿಲ್ಲ. ಎಡತಟ್ಟೆಯಲ್ಲಿದ್ದ ಬಟ್ಟನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ಮುಳ್ಳನ್ನು ನೋಡುತ್ತಿದ್ದ. ಬಟ್ಟು ಜಾಗ ಬದಲಿಸಿದರೂ ಮುಳ್ಳು ಅದೇ ಕಡೆ ವಾಲಿದರೆ ತಪ್ಪು ತಕ್ಕಡಿಯದ್ದು. ಬಟ್ಟಿನ ಜೊತೆಗೇ ಮುಳ್ಳೂ ಆ ಕಡೆಗೆ ತಿರುಗಿದರೆ ತಪ್ಪು ಬಟ್ಟಿನದ್ದು. "ಅದಲು ಬದಲು ಮಾಡಿ ನೋಡದೆ ಯಾರ ಮೇಲೂ ತಪ್ಪು ಹೊರಿಸ್ಬಾರ್ದು" ಅನ್ನುವುದು ಅವನ ಮಾತು. ಈ ಮಾತನ್ನು ಅವನು ದಿನಕ್ಕೆ ಹತ್ತು ಸಲ ಅಂಗಡಿಯಲ್ಲಿ ಹೇಳುತ್ತಿದ್ದ. ಮನೆಗೆ ಬರುವಾಗ ಅದನ್ನು ಅಂಗಡಿಯಲ್ಲೇ ಬಿಟ್ಟು ಬೀಗ ಹಾಕಿಕೊಂಡು ಬರುತ್ತಿದ್ದ ಅಂತ ಕಾಣುತ್ತದೆ. ದೀಪದ ಬುಡದಲ್ಲಿ ಕತ್ತಲು ಅಂತ ಸುಮ್ಮನೆ ಹೇಳಿಲ್ಲ.

ಏರ್ ಗನ್ ತಂದವರು ಅಜ್ಜ, ಮಾವನ ಅಪ್ಪ. ಅವರು ದೊಡ್ಡ ಕಚೇರಿಯೊಂದರಲ್ಲಿ ಲಿಫ್ಟ್ ನಡೆಸುತ್ತಿದ್ದರು. ಜೀವಮಾನವಿಡೀ ನೆಟ್ಟಗೆ ಮೇಲೆ ಹೋಗಿ ನೆಟ್ಟಗೆ ಕೆಳಗೆ ಬಂದವರು. ಮದುವೆಯಾದ ಹೊಸತರಲ್ಲಿ, ಭಾನುವಾರ ಕಳೆಯಲು ಏನಾದರೂ ಬೇಕಲ್ಲ ಅಂತ, ಕಚೇರಿಯ ಯಾರಿಂದಲೋ ಅದನ್ನು ಕೊಂಡು ತಂದಿದ್ದರು. ನಳಿಗೆಯನ್ನು ಬಗ್ಗಿಸಿ ಒಂದು ಸೀಸದ ಗುಂಡು ತುಂಬಿ ಹೊಡೆಯುವಂಥದ್ದು. ಮೊದಲ ವಾರಗಳಲ್ಲಿ ಅಜ್ಜಿಯೇ ಅಜ್ಜನಿಗಿಂತ ಚೆನ್ನಾಗಿ ಹೊಡೆಯುತ್ತಿದ್ದಳಂತೆ. ಆಮೇಲೆ ಒಂದು ಭಾನುವಾರ ಇದ್ದಕ್ಕಿದ್ದಂತೆ ಅವಳ ಗುಂಡೆಲ್ಲ ಬಲಕ್ಕೆ ಹೋಗತೊಡಗಿದವು. ಬಂದೂಕಿಗೇ ಏನೋ ಆಗಿದೆ ಅಂತ ಅಜ್ಜಿ ಅಂದಳಂತೆ. ಅಜ್ಜ ನಕ್ಕು, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿನ್ ಕಣ್ಣು ವಾರೆ ಕಣೇ, ನಾನು ಮದ್ವೆ ಆದಾಗಿಂದ್ಲೂ ನೋಡ್ತಿದ್ದೀನಿ" ಅಂದರಂತೆ. ಅಜ್ಜ ಹೊಡೆದರೂ ಬಲಕ್ಕೇ ಹೋಯಿತು. ಅದಕ್ಕೂ ಉತ್ತರ ಸಿದ್ಧವಿತ್ತು. "ಸಹವಾಸ ದೋಷ. ನಿನ್ನಿಂದ ನಂಗೂ ಬಂತು."

ಮದ್ದನ್ನೂ ಅಜ್ಜನೇ ಕಂಡುಹಿಡಿದರು. ಗುರಿಯ ಕಾರ್ಡಿನ ಎಡಕ್ಕೆ, ಹಲಗೆಯ ಮೇಲೆ, ಅಂಗಿಯ ಗುಂಡಿಯಷ್ಟು ಅಗಲ ತಲೆಯ ಒಂದು ಮೊಳೆ ಹೊಡೆದರು. ಇನ್ನು ಮುಂದೆ ಕಾರ್ಡಿನ ಕಡೆ ನೋಡಲೇಬಾರದು, ಮೊಳೆಯನ್ನು ನೋಡಿ ಹೊಡೆಯಬೇಕು. ಗುಂಡು ಕಾರ್ಡಿನ ನಡುವೆ ಕೂರುತ್ತದೆ. ಕೂತಿತು. "ಮೊಳೆ ನೋಡು, ಕಾರ್ಡು ಹೊಡಿ" ಅನ್ನುವುದು ನಮ್ಮ ಮನೆಯ ಮಕ್ಕಳು ಅಕ್ಷರಕ್ಕಿಂತ ಮೊದಲು ಕಲಿಯುತ್ತಿದ್ದ ಪಾಠ.

ಮನೆ ರೈಲುಡಬ್ಬಿಯ ಹಾಗೆ ಉದ್ದಕ್ಕಿತ್ತು. ಮುಂದಿನ ಕೋಣೆಯಲ್ಲಿ ಮೇಜು, ಅದರ ಮೇಲೆ ಮೊಣಕೈ ಊರಿ ಹೊಡೆಯುವವರು. ನಡುವೆ ಉದ್ದನೆಯ ನಡುಮನೆ. ಕೊನೆಯಲ್ಲಿ ಬಟ್ಟೆ ಒಗೆಯುವ ಜಾಗ, ಅದರ ಗೋಡೆಗೆ ಹಲಗೆ. ಬಚ್ಚಲು ಮತ್ತು ಅಡುಗೆಮನೆಯ ಬಾಗಿಲುಗಳು ಆ ದಾರಿಗೇ ತೆರೆಯುತ್ತಿದ್ದವು. ಹಾಗಾಗಿ ಮೊದಲ ಗುಂಡಿಗೆ ಮುಂಚೆ ಮಾವ ಗಟ್ಟಿಯಾಗಿ, "ಬಚ್ಚಲಲ್ಲಿ ಯಾರಿದೀರಿ? ಇದ್ರೆ ಅಲ್ಲೇ ಇರಿ!" ಅಂತ ಕೂಗುತ್ತಿದ್ದ. ಒಮ್ಮೆ ನನ್ನ ತಂದೆ ಒಳಗೇ ಉಳಿದುಬಿಟ್ಟು ಇಡೀ ಸರದಿ ಮುಗಿಯುವವರೆಗೆ ಸೋಪು ಹಚ್ಚಿಕೊಂಡು ಕೂತಿದ್ದರು. ಅಳಿಯನಾದವನು ಮಾವನ ಮನೆಯಲ್ಲಿ ಇಷ್ಟಾದರೂ ಸಹಿಸಬೇಕು.

ಕಣ್ಣಲ್ಲ, ಬಂದೂಕು ಡೊಂಕು ಅಂತ ತಿಳಿಯಲು ನಮಗೆ ಅವಕಾಶ ಸಿಗಲಿಲ್ಲ ಅಂತ ಹೇಳುವ ಹಾಗಿಲ್ಲ. ಅತ್ತೆ ಮದುವೆಯಾಗಿ ಬಂದಳು. ಅವಳದು ಬೇರೆ ರಕ್ತ, ಬೇರೆ ಕಣ್ಣು. ಮೊದಲ ಭಾನುವಾರ ಹೊಡೆದದ್ದು ಬಲಕ್ಕೆ ಹೋಯಿತು. ಅಜ್ಜ ಮೀಸೆಯಲ್ಲೇ ನಕ್ಕು, "ಸೊಸೆ ಬೇಗ ನಮ್ಮೋಳಾದ್ಲು" ಅಂದರು. ನಲ್ಲಿ ರಿಪೇರಿಗೆ ಬಂದವನು ಆಸೆಪಟ್ಟು ಒಂದು ಗುಂಡು ಹೊಡೆದ, ಅವನದೂ ಬಲಕ್ಕೆ. ಪಾಪ, ಇವನಿಗೂ ಇದೆ ಅಂತ ಅವನಿಗೆ ಚಹಾ ಕೊಟ್ಟು, ಕಣ್ಣು ತೋರಿಸಿಕೋ ಅಂತ ಬುದ್ಧಿ ಹೇಳಿ ಕಳಿಸಿದರು. ಅಜ್ಜಿಯನ್ನು ಅಜ್ಜ ಕನ್ನಡಕದ ಅಂಗಡಿಗೂ ಕರೆದುಕೊಂಡು ಹೋಗಿದ್ದರು. ಅಂಗಡಿಯವನು ನೋಡಿ, "ಇವ್ರ ಕಣ್ಣಿಗೆ ಏನೂ ಆಗಿಲ್ವಲ್ಲ ಸ್ವಾಮಿ" ಅಂದ. ಅವನಿಗೆ ಕಸುಬು ಬರುವುದಿಲ್ಲ ಅಂತ ಮನೆಯಲ್ಲಿ ತೀರ್ಮಾನವಾಯಿತು. ಅಜ್ಜ ಬಿಡದೆ ಕೇಳಿದ್ದರಿಂದ ಅವನು ಬರಿಯ ಗಾಜು ಹಾಕಿ ಕನ್ನಡಕ ಮಾಡಿಕೊಟ್ಟ. ಓದಲು ಹೊಲಿಯಲು ಅಜ್ಜಿಗೆ ಅದು ಬೇಕಿರಲಿಲ್ಲ. ಭಾನುವಾರ ಗುರಿ ಹೊಡೆಯುವಾಗ, ಹೊರಗೆ ನಾಲ್ಕು ಜನರ ನಡುವೆ ಹೋಗುವಾಗ ಹಾಕಿಕೊಳ್ಳುತ್ತಿದ್ದಳು. ವಾರೆ ಕಾಣಬಾರದಲ್ಲ.

ಇಷ್ಟೇ ಆಗಿದ್ದರೆ ಇದೊಂದು ನಗುವ ವಿಷಯ. ಆದರೆ ಅಜ್ಜಿಗೆ ಒಂದು ಆಸೆಯಿತ್ತು. ಊರಿನಲ್ಲಿ ಗುರಿ ಹೊಡೆಯುವ ಕ್ಲಬ್ಬೊಂದಿತ್ತು, ಅಲ್ಲಿ ಹೆಂಗಸರ ತಂಡವೂ ಇತ್ತು. ಅವಳು ಎಳೆಯವಳಿದ್ದಾಗ, ಮಕ್ಕಳು ಶಾಲೆಗೆ ಹೋಗುವಂತಾದ ಮೇಲೆ, ನಾನೂ ಸೇರಲಾ ಅಂತ ಕೇಳಿದ್ದಳು. ಅಜ್ಜ, "ವಾರೆಗಣ್ಣಿಟ್ಕೊಂಡು ಅಲ್ಲಿ ಹೋಗಿ ಪಕ್ಕದೋರ ಕಾರ್ಡಿಗೆ ಹೊಡೆದ್ರೆ ಮಾನ ಏನಾಗ್ಬೇಕು?" ಅಂದಿದ್ದರು. ಒಂದು ದಿನ ಅವಳು ಯಾರಿಗೂ ಹೇಳದೆ ಕ್ಲಬ್ಬಿನ ಗೇಟಿನವರೆಗೆ ಹೋಗಿ, ಒಳಗಿನಿಂದ ಬರುವ ಗುಂಡಿನ ಸದ್ದು ಕೇಳಿಸಿಕೊಂಡು ವಾಪಸು ಬಂದಳಂತೆ. ಇದನ್ನು ಅವಳು ನಗುತ್ತಲೇ ಹೇಳುತ್ತಿದ್ದಳು. "ನಂದೂ ಒಂದು ಕಣ್ಣಾ, ನಂದೂ ಒಂದು ಗುರಿಯಾ" ಅನ್ನುತ್ತಿದ್ದಳು. ಕೇಳಿ ಕೇಳಿ ನಾವೂ ನಗುತ್ತಿದ್ದೆವು.

ಅಜ್ಜ ಹೋದರು. ಅವರ ಫೋಟೋ ಮುಂದಿನ ಕೋಣೆಯಲ್ಲಿ, ಮೇಜಿನ ಪಕ್ಕದ ಗೋಡೆಗೆ ಏರಿತು. ಭಾನುವಾರದ ಗುರಿ ನಿಲ್ಲಲಿಲ್ಲ. ಅಜ್ಜಿಗೆ ಮಂಡಿ ಸೋತಿತು, ಕಿವಿ ಮಂದವಾಯಿತು, ಆದರೆ ಮೊದಲ ಸರದಿ ಅವಳದೇ. ಹಿಡಿದ ಕೈ ಅಲುಗುತ್ತಿರಲಿಲ್ಲ.

ಮಾವನ ಮಗಳನ್ನು ನಾವು ಗುಬ್ಬಿ ಅನ್ನುತ್ತೇವೆ. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವುದು ಅವಳ ಕೆಲಸ. ಎಂಥ ಸಣ್ಣ ನರವಿದ್ದರೂ ಒಂದೇ ಚುಚ್ಚಿಗೆ ಹಿಡಿಯುತ್ತಾಳೆ. ಆ ವಾರೆಗಣ್ಣು ಸೂಜಿ ಚುಚ್ಚುವಾಗ ಎಲ್ಲಿ ಹೋಗುತ್ತದೆ ಅಂತ ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಅವಳು ಅಜ್ಜಿಯ ಹಾಗೆ ಗೇಟಿನಿಂದ ವಾಪಸು ಬರುವವಳಲ್ಲ. ಅದೇ ಕ್ಲಬ್ಬಿನವರು ಹೊಸಬರಿಗೆ ಸ್ಪರ್ಧೆ ಇಟ್ಟಾಗ ಹೆಸರು ಕೊಟ್ಟಳು. ಚೆನ್ನಾಗಿ ಹೊಡೆದವರಿಗೆ ತಂಡದಲ್ಲಿ ಜಾಗ. ಮಾವ ಅಂಗಡಿ ಮುಚ್ಚಿ ಊಟದ ಡಬ್ಬಿ ಹಿಡಿದು ಜೊತೆಗೆ ಹೋದ. ನಾನೂ ಹೋದೆ, ಡಬ್ಬಿಯಲ್ಲಿ ನನಗೂ ಪಾಲಿತ್ತು.

ಬಂದೂಕು ಕ್ಲಬ್ಬಿನದೇ ಕೊಟ್ಟರು. ಕಾರ್ಡುಗಳನ್ನು ಪಕ್ಕಪಕ್ಕದಲ್ಲಿ, ಹತ್ತಿರ ಹತ್ತಿರ ನೇತುಹಾಕಿದ್ದರು. ಗುಬ್ಬಿ ನಿಂತಳು, ಉಸಿರು ಹಿಡಿದಳು, ಹೊಡೆದಳು. ಸರದಿ ಮುಗಿದ ಮೇಲೆ ತೀರ್ಪುಗಾರ ಕಾರ್ಡುಗಳನ್ನು ತಂದ. ಗುಬ್ಬಿಯ ಕಾರ್ಡು ಅಚ್ಚು ಹಾಕಿಸಿದಾಗ ಹೇಗಿತ್ತೋ ಹಾಗೇ ಇತ್ತು. ಎಡಪಕ್ಕದಲ್ಲಿದ್ದ ಹಲ್ಲಿನ ಡಾಕ್ಟರ ಕಾರ್ಡಿನಲ್ಲಿ ಅವರು ಹೊಡೆದದ್ದಕ್ಕಿಂತ ಹೆಚ್ಚು ತೂತುಗಳಿದ್ದವು.

"ಯಾರಮ್ಮಾ ಈ ದಾನ ಮಾಡಿದ್ದು?" ಅಂದ ತೀರ್ಪುಗಾರ.

"ನಾನೇ ಸಾರ್. ನಮ್ಮದು ವಾರೆಗಣ್ಣು, ಮನೆತನದ್ದು. ಮಧ್ಯ ನೋಡಿದ್ರೆ ಬಲಕ್ಕೆ ಹೋಗತ್ತೆ, ಅದಕ್ಕೆ ಎಡಕ್ಕೆ ನೋಡಿ ಹೊಡೀತೀವಿ."

ಆತ ಸ್ವಲ್ಪ ಹೊತ್ತು ಅವಳ ಕಣ್ಣನ್ನೇ ನೋಡಿದ. ಆಮೇಲೆ ಹೊಸ ಕಾರ್ಡು ಹಾಕಿಸಿ, "ಇದು ಲೆಕ್ಕಕ್ಕಿಲ್ಲ. ಎಡವೂ ಬೇಡ ಬಲವೂ ಬೇಡ, ನಿಮ್ ಕಾರ್ಡಿನ ಮಧ್ಯ ನೋಡಿ ಒಂದು ಹೊಡೀರಿ" ಅಂದ. ಗುಬ್ಬಿ ಹೊಡೆದಳು. ಗುಂಡು ನಟ್ಟನಡುವಿನ ಕಪ್ಪಿನಲ್ಲಿ ಕೂತಿತು. ಇನ್ನೊಂದು ಹೊಡೆದಳು. ಅದೂ ಅಲ್ಲೇ.

ಗುಬ್ಬಿ ತಿರುಗಿ ಅಪ್ಪನನ್ನು ನೋಡಿದಳು. ಮಾವ ಕಟಕಟೆಯ ಹಿಂದೆ ಡಬ್ಬಿ ಹಿಡಿದು ನಿಂತಿದ್ದ. ಅದೇ ಕಣ್ಣು, ಬೇರೆ ಬಂದೂಕು. ಬಟ್ಟು ಆ ತಟ್ಟೆಯಿಂದ ಈ ತಟ್ಟೆಗೆ ಬಂದಿತ್ತು. ಇದನ್ನು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮ ಮನೆಯಲ್ಲಿ ಯಾರೂ, ಯಾವತ್ತೂ, ಇನ್ನೊಂದು ಬಂದೂಕನ್ನು ಮುಟ್ಟಿರಲಿಲ್ಲ. ಡಬ್ಬಿಯಲ್ಲಿದ್ದದ್ದನ್ನು ಆವತ್ತು ನಾನೊಬ್ಬನೇ ತಿಂದೆ.

ದಾರಿಯಲ್ಲಿ ಮಾವ, "ಮನೇಲಿ ಹೇಳೋದು ಬೇಡ" ಅಂದ. ಅಜ್ಜಿ ಹೇಗಾಯಿತು ಅಂತ ಕೇಳಿದ್ದಕ್ಕೆ ಗುಬ್ಬಿ ಪರವಾಗಿಲ್ಲ ಅಂದಳು. ಅಜ್ಜಿ ಅವಳ ತಲೆ ಸವರಿ, "ಕಣ್ಣು ನನ್ನಿಂದ ಬಂದಿದ್ದು, ಏನ್ ಮಾಡೋದು" ಅಂದಳು. ಮಾವ ಚಪ್ಪಲಿ ಬಿಚ್ಚುತ್ತಿದ್ದವನು ಮತ್ತೆ ಹಾಕಿಕೊಂಡು ಹೊರಗೆ ಹೋದ.

ಮರುದಿನ ಸ್ಪ್ರಿಂಗ್ ಸಡಿಲವಾಗಿದೆ ಅಂತ ಸುಳ್ಳು ಹೇಳಿ, ಬಂದೂಕನ್ನು ದುಪ್ಪಟಿಯಲ್ಲಿ ಸುತ್ತಿ ಅಂಗಡಿಗೆ ತಂದ. ನನಗೂ ಬರಲು ಹೇಳಿದ್ದ. ನಳಿಗೆಯ ತುದಿಗೆ ಅಜ್ಜ ಬಟ್ಟೆಯ ಟೇಪು ಸುತ್ತಿದ್ದರು, ಗುಂಡು ತುಂಬಲು ಬಗ್ಗಿಸುವಾಗ ಹಿಡಿತ ಸಿಗಲಿ ಅಂತ. ಹಳತಾದಾಗ ಅವರೇ ಹೊಸದು ಸುತ್ತುತ್ತಿದ್ದರು, ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಮಾವ ಅದನ್ನು ಬಿಚ್ಚಿದ. ಒಂದರ ಕೆಳಗೊಂದು, ಈರುಳ್ಳಿ ಸುಲಿದ ಹಾಗೆ ಬರುತ್ತಲೇ ಇತ್ತು. ಕೊನೆಗೆ ಕಬ್ಬಿಣ ಕಂಡಿತು. ಕಲ್ಲಿಗೆ ಬಡಿದು ತರಚಿದ ಆಳವಾದ ಗಾಯ. ಅದರ ಪಕ್ಕದಲ್ಲೇ, ಗುರಿ ನೋಡಲು ತುದಿಯಲ್ಲಿ ನಿಲ್ಲಿಸಿರುವ ಪುಟ್ಟ ಕಡ್ಡಿ ತಾನು ಕೂರಬೇಕಾದ ಸೀಳಿನಲ್ಲಿ ಎಡಕ್ಕೆ ಜರುಗಿತ್ತು. ಕಾರ್ಖಾನೆಯಲ್ಲಿ ಕೊರೆದ ಎರಡು ಗೆರೆಗಳು ಒಂದಕ್ಕೊಂದು ಎದುರಾಗಿರಬೇಕಿತ್ತು. ಎದುರಾಗಿರಲಿಲ್ಲ. ಬೇರೆ ಬಂದೂಕು ನೋಡದ ನಮಗೆ ಅದು ಹುಟ್ಟಿದಾಗಿನಿಂದ ಹಾಗೇ.

"ನೆಲಾನೇ ಡೊಂಕಾಗಿತ್ತು ಕಣೋ" ಅಂದ ಮಾವ.

"ಅಜ್ಜನಿಗೆ ಗೊತ್ತಿರ್ಲಿಲ್ಲವೇನೋ."

"ಗೊತ್ತಿಲ್ದೇ ಇರೋ ಗಾಯಕ್ಕೆ ಯಾರಾದ್ರೂ ಬಟ್ಟೆ ಕಟ್ತಾರಾ?"

ಸರಿ ಮಾಡುವುದು ಅವನಿಗೆ ಚಿಟಿಕೆ ಹೊಡೆಯುವಷ್ಟರ ಕೆಲಸ. ಪುಟ್ಟ ಸುತ್ತಿಗೆಯಿಂದ ನಾಲ್ಕು ಸಲ ತಟ್ಟಿದರೆ ಮುಗಿಯಿತು. ಆದರೆ ಅವನು ಸುತ್ತಿಗೆ ಹಿಡಿದು ಸುಮ್ಮನೆ ಕೂತ. ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಸರಿ ಮಾಡಿದರೆ ಅಮ್ಮನಿಗೆ ತಿಳಿಯುತ್ತದೆ, ಫೋಟೋದಲ್ಲಿರುವ ಅಪ್ಪನ ಮಾನ ಹೋಗುತ್ತದೆ. ಅವರು ಬಂದು ಸಮಜಾಯಿಷಿ ಕೊಡುವ ಹಾಗೂ ಇಲ್ಲ. ಸರಿ ಮಾಡದಿದ್ದರೆ ಅಮ್ಮ ವಾರೆಗಣ್ಣಿನವಳಾಗಿಯೇ ಸಾಯುತ್ತಾಳೆ. ಈ ಎರಡನ್ನೂ ಮಾವ ಹೀಗೇ, ಇಷ್ಟೇ ಮಾತಿನಲ್ಲಿ ನನಗೆ ಹೇಳಿದ. ಹೇಳಿ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ನಾನು ಅವನ ಅಳುವನ್ನು ಅದಕ್ಕೆ ಮುಂಚೆ ನೋಡಿರಲಿಲ್ಲ.

"ಅಪ್ಪ ಕೆಟ್ಟೋರಲ್ಲ ಕಣೋ" ಅಂದ.

"ಯಾರಂದ್ರು ಕೆಟ್ಟೋರು ಅಂತ?"

"ಈ ಸುತ್ತಿಗೆ ತಟ್ಟಿದ್ರೆ ಅದೇ ಅನ್ನತ್ತೆ."

ಆ ವಾರವಿಡೀ ಬಂದೂಕು ಅಂಗಡಿಯಲ್ಲೇ ಇತ್ತು. ತಕ್ಕಡಿ ತಂದವರಿಗೆಲ್ಲ ನಾಳೆ ಬನ್ನಿ ಅಂದ. ತರಕಾರಿಯವಳು ಒಂದು ಸಂಜೆ ಬಾಗಿಲಲ್ಲೇ ನಿಂತು, "ಏನಣ್ಣಾ, ತಪ್ಪು ತಕ್ಕಡೀದಾ ನಂದಾ? ಒಂದು ಹೇಳು, ನಂಗೂ ಮನಸ್ಸಿಗೆ ನೆಮ್ಮದಿ ಬೇಡ್ವಾ?" ಅಂತ ಜಗಳ ತೆಗೆದಳು. ಮಾವ ಅವಳ ಮುಖವನ್ನೇ ನೋಡುತ್ತ ಕೂತ. ಅವಳು ಹೋದ ಮೇಲೆ ದುಪ್ಪಟಿ ಬಿಚ್ಚಿ, ಸುತ್ತಿಗೆ ಎತ್ತಿ, ಎರಡು ಗೆರೆಗಳು ಎದುರಾಗುವವರೆಗೆ ತಟ್ಟಿದ. ಟೇಪು ಮತ್ತೆ ಸುತ್ತಲಿಲ್ಲ.

ಭಾನುವಾರ ಬಂತು. ಮಾವ ಬಂದೂಕನ್ನು ಮೇಜಿನ ಮೇಲಿಟ್ಟು, ಬಚ್ಚಲಲ್ಲಿ ಯಾರಿದ್ದೀರಿ ಅಂತ ಕೂಗುವುದನ್ನೂ ಮರೆತ. ನಾನೇ ಕೂಗಿದೆ. ಗುಬ್ಬಿ ಹಲಗೆಗೆ ಕಾರ್ಡು ಸಿಕ್ಕಿಸಿ ಬಂದಳು. ಮುಂಚಿನ ಜಾಗದಲ್ಲೇ, ಎಡಕ್ಕೆ ಆ ಮೊಳೆ. ಅಜ್ಜಿ ಕನ್ನಡಕ ಏರಿಸಿಕೊಂಡು ಕೂತಳು, ಮೊಣಕೈ ಊರಿದಳು, ಅಭ್ಯಾಸದಂತೆ ಮೊಳೆಯನ್ನು ನೋಡಿದಳು.

ಟಣ್ ಅಂತ ಸದ್ದಾಯಿತು. ಆ ಮನೆಯಲ್ಲಿ ಹಿಂದೆಂದೂ ಕೇಳದ ಸದ್ದು.

ಅಡುಗೆಮನೆಯಿಂದ ಅತ್ತೆ, "ಏನ್ರೀ ಅದು, ಪಾತ್ರೆ ಬಿತ್ತಾ?" ಅಂತ ಕೂಗಿದಳು. ಅಜ್ಜಿ ಇನ್ನೊಂದು ಗುಂಡು ತುಂಬಿಸಿಕೊಂಡು ಹೊಡೆದಳು. ಟಣ್. ಮತ್ತೊಂದು. ಟಣ್. ಅಂಗಿಯ ಗುಂಡಿಯಷ್ಟು ಅಗಲದ ಮೊಳೆಯ ತಲೆ. ಅವಳು ಮೂವತ್ತರಲ್ಲೂ ನೋಡಿದ್ದು ಅಲ್ಲಿಗೇ, ಎಪ್ಪತ್ತು ದಾಟಿದ ಮೇಲೂ ನೋಡುತ್ತಿದ್ದದ್ದು ಅಲ್ಲಿಗೇ. ನೋಡಿದಲ್ಲಿಗೆ ಗುಂಡು ಹೋದದ್ದು ಅವತ್ತು.

ಅಜ್ಜಿ ಬಂದೂಕನ್ನು ಮೇಜಿನ ಮೇಲಿಟ್ಟಳು. ನಳಿಗೆಯ ತುದಿಯನ್ನು ಬೆರಳಿನಿಂದ ಸವರಿ ನೋಡಿದಳು. ಗಾಯ ಬೆರಳಿಗೆ ಸಿಕ್ಕಿತು.

"ಏನ್ ಮಾಡ್ದೆ?" ಅಂತ ಮಾವನನ್ನು ಕೇಳಿದಳು.

"ಮುಂದಿನ ಕಡ್ಡಿ ಜರುಗಿತ್ತಮ್ಮಾ. ಸರಿ ಮಾಡ್ದೆ."

"ಯಾವಾಗಿಂದ ಜರುಗಿತ್ತು?"

ಯಾವ ತಕ್ಕಡಿ ಯಾವ ವರ್ಷ ಕೆಟ್ಟಿತು ಅಂತ ಹೇಳಬಲ್ಲ ಮಾವನ ಕಣ್ಣು ಗೋಡೆಯ ಫೋಟೋದ ಕಡೆ ಹೋಯಿತು. ಅಜ್ಜಿಯೂ ಅಲ್ಲಿಗೇ ನೋಡಿದಳು.

"ಆಫೀಸಿನೋರಿಗೆ ತೋರಿಸ್ಬೇಕು ಅಂತ ಒಂದು ದಿನ ಇದನ್ನ ಸೈಕಲ್ ಮೇಲೆ ತಗೊಂಡು ಹೋಗಿದ್ರು" ಅಂದಳು ಅಜ್ಜಿ. "ವಾಪಸ್ ಬರೋವಾಗ ಬಿದ್ದು, ಮೊಣಕಾಲು ತರಚ್ಕೊಂಡು ಬಂದ್ರು. ನಾನೇ ಅರಿಶಿನ ಹಚ್ಚಿದ್ದು. ಮುಂದಿನ ಭಾನುವಾರದಿಂದ ನನ್ ಕಣ್ಣು ವಾರೆ."

"ಬೇಕು ಅಂತ ಮಾಡಿರಲ್ಲಮ್ಮಾ" ಅಂದ ಮಾವ. "ಹೊಸ ಸಾಮಾನು ಹಾಳು ಮಾಡ್ಬಿಟ್ಟೆ ಅಂತ ಹೆದರಿರ್ಬೇಕು."

"ಹೆದರಿಕೆ ಒಂದು ದಿನ ಇರತ್ತೆ ಕಣೋ. ಟೇಪು ವರ್ಷ ವರ್ಷ ಸುತ್ತುತ್ತಿದ್ರು."

ನನಗೆ ಸಿಟ್ಟು ಬಂತು. ನನ್ನನ್ನು ಲಿಫ್ಟಿನಲ್ಲಿ ನಿಲ್ಲಿಸಿಕೊಂಡು ಮಹಡಿಗಳ ಗುಂಡಿ ಒತ್ತಿಸಿದ್ದ ಅಜ್ಜ ಅವರು, ಅವರ ಮೇಲೆ ನನಗೆ ಎಷ್ಟು ಪ್ರೀತಿಯೋ ಅಷ್ಟೇ ಸಿಟ್ಟು ಬಂತು. ಅಜ್ಜಿ ಅಳುತ್ತಾಳೆ ಅಂದುಕೊಂಡೆ. ಅತ್ತದ್ದು ಗುಬ್ಬಿ. ಅಜ್ಜಿ ಅವಳ ಕಡೆ ತಿರುಗಿ, "ಕ್ಲಬ್ಬಲ್ಲಿ ಮಧ್ಯ ನೋಡಿ ಹೊಡೆದ್ಯಾ?" ಅಂದಳು.

"ಹೂಂ ಅಜ್ಜಿ. ಕೊನೇಲಿ."

"ಎಲ್ಲಿಗೆ ಹೋಯ್ತು?"

"ಮಧ್ಯಕ್ಕೇ."

"ಹೋಗೇ ಹೋಗತ್ತೆ. ನನ್ ಕಣ್ಣಲ್ವಾ" ಅಂದಳು ಅಜ್ಜಿ. ಆಮೇಲೆ, "ನಂಗೆ ಈ ವಯಸ್ಸಲ್ಲಿ ಬೇರೆ ಕಡೆ ನೋಡೋಕೆ ಬರಲ್ಲ. ಕಾರ್ಡನ್ನೇ ಮೊಳೆ ಮೇಲೆ ತಂದು ಹಾಕು" ಅಂದಳು. ಗುಬ್ಬಿ ಓಡಿ ಹೋಗಿ, ಕಾರ್ಡಿನ ನಟ್ಟನಡುವೆ ಮೊಳೆ ಬರುವ ಹಾಗೆ ಸಿಕ್ಕಿಸಿದಳು. ಇಷ್ಟು ಸುಲಭದ ಕೆಲಸ.

ಹೊಡೆಯುವ ಮುಂಚೆ ಅಜ್ಜಿ ಮೇಜಿಗೆ ಕೈ ಊರಿ ಎದ್ದಳು. ಮಾವ ಹಿಡಿಯಲು ಹೋದರೆ ಕೈ ತಳ್ಳಿದಳು. ಫೋಟೋದ ಹತ್ತಿರ ಹೋಗಿ, ತನ್ನ ಕನ್ನಡಕ ತೆಗೆದು, ಅದರ ಕಡ್ಡಿಗಳನ್ನು ಚೌಕಟ್ಟಿನ ಎರಡೂ ಬದಿಗೆ ಸಿಕ್ಕಿಸಿದಳು. ಗಾಜು ಸರಿಯಾಗಿ ಅಜ್ಜನ ಕಣ್ಣ ಮೇಲೆ ಬಂತು.

"ಇನ್ಮೇಲೆ ನೀವೇ ಹಾಕ್ಕೊಳ್ಳಿ" ಅಂದಳು. "ನಂಗೆ ಚೆನ್ನಾಗೇ ಕಾಣತ್ತೆ."

ವಾಪಸು ಬಂದು ಕೂತು ಬಂದೂಕು ಎತ್ತಿಕೊಂಡಳು. ಮುಂದಿನ ಸರದಿ ಮಾವನದು, ಆಮೇಲೆ ಗುಬ್ಬಿಯದು, ಕೊನೆಗೆ ನನ್ನದು. ಆವತ್ತು ನಮ್ಮಲ್ಲಿ ಯಾರಿಗೂ ಸರದಿ ಸಿಗಲಿಲ್ಲ.